ಎಳೆದದ್ದೆಷ್ಟು, ಮರಳಿದ್ದೆಷ್ಟು: ಒಂದು ರಬ್ಬರ್ ಬ್ಯಾಂಡ್ ಕವಣೆಯ ಲೆಕ್ಕ

ಭೌತಶಾಸ್ತ್ರ ಓದುತ್ತಿರುವ ಒಬ್ಬ ಹುಡುಗಿ ತನ್ನ ಪ್ರಾಜೆಕ್ಟಿಗಾಗಿ ಪುಟ್ಟ ಕವಣೆಯೊಂದನ್ನು ಮಾಡಿದ್ದಳು. ಗೋಲಿ ಎಷ್ಟು ದೂರ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು, ಆಮೇಲೆ ಹಾರಿಸಿ ನೋಡಬೇಕು. ಇಷ್ಟೇ ಅವಳ ಯೋಜನೆ. ಲೆಕ್ಕದಲ್ಲಿ 3.8 ಮೀಟರ್ ಬಂತು. ಗೋಲಿ 2.9 ಮೀಟರಿಗೇ ಬಿತ್ತು. ಹಗುರವಾದ ಮರದ ಗುಂಡು ಇಟ್ಟಾಗ ಅಂತರ ಇನ್ನೂ ಜಾಸ್ತಿ ಆಯಿತು. ಲೆಕ್ಕದ ಪ್ರಕಾರ ಅದು 12 ಮೀಟರ್ ದಾಟಬೇಕಿತ್ತು, ಬಿದ್ದದ್ದು 6.7 ಮೀಟರಿಗೆ. ಗುಣಾಕಾರ ಭಾಗಾಕಾರ ಎಲ್ಲ ಸರಿಯಾಗಿಯೇ ಇತ್ತು. ಹಾಗಾದರೆ ಉಳಿದ ಶಕ್ತಿ ಎಲ್ಲಿ ಹೋಯಿತು?

ಅವಳ ನೋಟ್‌ಬುಕ್ ನನ್ನ ಕೈಗೆ ಬಂದಾಗ ಕೊನೆಯ ಪುಟದಲ್ಲಿ ‘ಗಾಳಿಯ ತಡೆಯಿಂದ’ ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಆ ಚಿಹ್ನೆ ಹಾಕಿದ್ದು ನನಗೆ ತುಂಬಾ ಹಿಡಿಸಿತು. ಲೆಕ್ಕ ತಾಳೆಯಾಗದಿದ್ದರೆ ಗಾಳಿಯ ಮೇಲೆ ಹಾಕಿ ಮುಂದೆ ಹೋಗುವುದು ಸುಲಭ. ಆದರೆ 20 ಗ್ರಾಂ ತೂಕದ ಗಾಜಿನ ಗೋಲಿ ಸೆಕೆಂಡಿಗೆ ಏಳೆಂಟು ಮೀಟರ್ ವೇಗದಲ್ಲಿ, ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತು ಹಾರಿದರೆ ಗಾಳಿ ಅದನ್ನು ಒಂದು ಮೀಟರ್‌ನಷ್ಟು ತಡೆಯಲು ಸಾಧ್ಯವೇ ಇಲ್ಲ. ಕಾರಣ ಬೇರೆ ಇತ್ತು. ಅದು ರಬ್ಬರಿನ ಒಳಗೇ ಇತ್ತು.

ಕವಣೆ ಹೇಗಿತ್ತು

ಒಂದು ಹಲಗೆ. ಅದರ ಮುಂದಿನ ಅಂಚಿನಲ್ಲಿ ಹತ್ತಿರ ಹತ್ತಿರ ಎರಡು ಮೊಳೆ. 3 ಮಿ.ಮೀ. ಅಗಲದ ರಬ್ಬರ್ ಬ್ಯಾಂಡನ್ನು ಕತ್ತರಿಸಿ ಪಟ್ಟಿ ಮಾಡಿ, ಎರಡೂ ತುದಿಗಳನ್ನು ಮೊಳೆಗಳಿಗೆ ಕಟ್ಟಿದ್ದಳು. ಪಟ್ಟಿಯ ನಡುವೆ ಒಂದು ಗ್ರಾಂ ತೂಕದ ತೊಗಲಿನ ತುಂಡು, ಗೋಲಿ ಕೂರಲು. ಪಟ್ಟಿ ಸಡಿಲವಾಗಿದ್ದಾಗ ತೊಗಲು ಮೊಳೆಗಳಿಂದ 9 ಸೆಂ.ಮೀ. ಹಿಂದೆ ಇರುತ್ತದೆ. ಅಲ್ಲಿಂದ ಇನ್ನೂ 18 ಸೆಂ.ಮೀ. ಎಳೆದು ಬಿಡುವುದು. ಅಂದರೆ ರಬ್ಬರ್ ತನ್ನ ಮೂಲ ಉದ್ದದ ಮೂರು ಪಟ್ಟು ಹಿಗ್ಗುತ್ತದೆ. ರಬ್ಬರಿನ ತೂಕ ಸುಮಾರು ಅರ್ಧ ಗ್ರಾಂ.

ಹಲಗೆಯನ್ನು 80 ಸೆಂ.ಮೀ. ಎತ್ತರದ ಮೇಜಿನ ಅಂಚಿಗೆ ಸರಿಯಾಗಿ ಇಟ್ಟು, ಗೋಲಿಯನ್ನು ಅಡ್ಡಕ್ಕೆ ನೇರವಾಗಿ ಹಾರಿಸಿದ್ದಳು. ಇದು ಜಾಣತನದ ಕೆಲಸ. ಅಡ್ಡಕ್ಕೆ ಹೊರಟ ಗೋಲಿ ವೇಗ ಎಷ್ಟೇ ಇದ್ದರೂ 80 ಸೆಂ.ಮೀ. ಕೆಳಗೆ ಬೀಳಲು ಸುಮಾರು 0.4 ಸೆಕೆಂಡೇ ತಗೊಳ್ಳುತ್ತದೆ. ಹಾಗಾಗಿ ಬಿದ್ದ ದೂರವನ್ನು 0.4ರಿಂದ ಭಾಗಿಸಿದರೆ ವೇಗ ಸಿಕ್ಕಿಬಿಡುತ್ತದೆ. ಟೈಮರ್ ಬೇಡ, ಕ್ಯಾಮೆರಾ ಬೇಡ, ಅಳತೆ ಟೇಪ್ ಒಂದಿದ್ದರೆ ಸಾಕು. 45 ಡಿಗ್ರಿ ಕೋನದಲ್ಲಿ ಮೇಲಕ್ಕೆ ಹಾರಿಸಿದ್ದರೆ ಗುಂಡು ಜಾಸ್ತಿ ಹೊತ್ತು ಗಾಳಿಯಲ್ಲಿರುತ್ತಿತ್ತು, ಕೋನದ ತಪ್ಪೂ ಸೇರಿಕೊಳ್ಳುತ್ತಿತ್ತು. ನೋಡಲು ಚೆಂದ, ಅಳೆಯಲು ಕಷ್ಟ.

ಇಂಥದನ್ನು ಮಾಡುವವರು ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಲೇಬೇಕು. ಹಾರುವ ಗೋಲಿ ಒಂದು ಅಪಾಯ. ಎಳೆದಾಗ ತುಂಡಾಗಿ ಮುಖಕ್ಕೇ ವಾಪಸ್ ಬರುವ ರಬ್ಬರ್ ಇನ್ನೊಂದು. ಗೋಲಿ ಬೀಳುವ ಕಡೆ ಯಾರೂ ನಿಲ್ಲಬಾರದು.

ಮೊದಲ ಲೆಕ್ಕ

ಅವಳು ಪಟ್ಟಿಯನ್ನು ತೂಗುಹಾಕಿ 250 ಗ್ರಾಂ ತೂಕ ಕಟ್ಟಿದಳು. ಅದು 4.4 ಸೆಂ.ಮೀ. ಹಿಗ್ಗಿತು. ಬಲ 2.45 ನ್ಯೂಟನ್, ಹಾಗಾಗಿ ಸ್ಪ್ರಿಂಗ್ ಸ್ಥಿರಾಂಕ, ಅಂದರೆ ಪ್ರತಿ ಮೀಟರ್ ಹಿಗ್ಗಿಗೆ ಬೇಕಾಗುವ ಬಲ, ಮೀಟರಿಗೆ ಸುಮಾರು 56 ನ್ಯೂಟನ್. ಸ್ಥಿರಾಂಕದ ಅರ್ಧವನ್ನು ಹಿಗ್ಗಿನ ವರ್ಗದಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. 18 ಸೆಂ.ಮೀ. ಎಳೆತಕ್ಕೆ 0.9 ಜೂಲ್. ಅಷ್ಟೂ ಗೋಲಿಗೆ ಹೋದರೆ ವೇಗ ಸೆಕೆಂಡಿಗೆ 9.5 ಮೀಟರ್, ದೂರ 3.8 ಮೀಟರ್.

ಈ ಲೆಕ್ಕದ ಬುಡದಲ್ಲಿರುವುದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ. ಹಿಗ್ಗು ಎಷ್ಟೋ ಬಲವೂ ಅಷ್ಟೇ ಪಾಲಿನಲ್ಲಿ ಏರುತ್ತದೆ ಎನ್ನುವುದು. ಉಕ್ಕಿನ ಸ್ಪ್ರಿಂಗಿಗೆ ಅದರ ಮಿತಿಯೊಳಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ರಬ್ಬರ್ ಉಕ್ಕಿನಂತೆ ನಡೆದುಕೊಳ್ಳುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಸ್ಪ್ರಿಂಗ್ ಪಾಠದ ಪಕ್ಕದಲ್ಲೇ ರಬ್ಬರ್ ಬ್ಯಾಂಡಿನ ಚಿತ್ರ ಹಾಕುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಎರಡೂ ಹಿಗ್ಗುತ್ತವೆ, ಎರಡೂ ವಾಪಸ್ ಬರುತ್ತವೆ, ನಿಜ. ಯಾಕೆ ವಾಪಸ್ ಬರುತ್ತವೆ ಎಂಬ ಕಾರಣ ಮಾತ್ರ ಪೂರ್ತಿ ಬೇರೆ.

ತೂಕ ಏರಿಸುತ್ತಾ, ಇಳಿಸುತ್ತಾ

ಒಂದೇ ತೂಕದಿಂದ ಇಡೀ ಪ್ರಯಾಣವನ್ನು ಊಹಿಸಬಾರದು ಅಲ್ವಾ? ಆದ್ದರಿಂದ ಮತ್ತೆ ಅಳೆದೆವು. 500 ಗ್ರಾಂ ಕಟ್ಟಿದಾಗ ಹಿಗ್ಗು 11.2 ಸೆಂ.ಮೀ. ತೂಕ ಎರಡು ಪಟ್ಟು, ಹಿಗ್ಗು ಎರಡೂವರೆ ಪಟ್ಟು. 700 ಗ್ರಾಂ ದಾಟುವಷ್ಟರಲ್ಲಿ 18 ಸೆಂ.ಮೀ. ಮುಟ್ಟಿತು. ಅಂದರೆ ಶುರುವಿನಲ್ಲಿ ಬಿಗಿಯಾಗಿದ್ದ ರಬ್ಬರ್ ಮುಂದೆ ಹೋಗುತ್ತಾ ಮೆತ್ತಗಾಯಿತು. ಕೊನೆಯ ಏಳು ಸೆಂ.ಮೀ.ಗಳಲ್ಲಿ ಅದರ ಬಿಗಿ ಮೊದಲಿನ ಅರ್ಧದಷ್ಟೇ ಉಳಿದಿತ್ತು. ಇನ್ನೂ ತುಂಬಾ ಎಳೆದರೆ ಮತ್ತೆ ಗಟ್ಟಿಯಾಗುತ್ತದೆ, ಆಗ ಗ್ರಾಫ್ ಮೇಲಕ್ಕೆ ತಿರುಗುತ್ತದೆ. ಆದರೆ ಈ ಕವಣೆ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ.

ಬಲ ಮತ್ತು ಹಿಗ್ಗಿನ ಗ್ರಾಫ್ ಬರೆದರೆ ಅದರ ಅಡಿಯಲ್ಲಿ ಬರುವ ಜಾಗವೇ ನಾವು ಹಾಕಿದ ಶಕ್ತಿ. ಚೌಕ ಎಣಿಸಿ ನೋಡಿದಾಗ 0.71 ಜೂಲ್ ಬಂತು. 0.9 ಅಲ್ಲ. ಕಾಣೆಯಾಗಿದ್ದರಲ್ಲಿ ದೊಡ್ಡ ಪಾಲು ಕಾಣೆಯಾಗಿರಲೇ ಇಲ್ಲ. ಅದನ್ನು ರಬ್ಬರಿಗೆ ಹಾಕಿಯೇ ಇರಲಿಲ್ಲ.

ಆಮೇಲೆ ಮಾಡಿದ್ದು ಈ ಇಡೀ ಪ್ರಕರಣದ ಮುಖ್ಯ ಅಳತೆ ಎಂದು ನನಗನ್ನಿಸುತ್ತದೆ. ತೂಕಗಳನ್ನು ಒಂದೊಂದಾಗಿ ತೆಗೆಯುತ್ತಾ ಮತ್ತೆ ಅಳೆದೆವು. 500 ಗ್ರಾಂಗೆ ಇಳಿಸಿದಾಗ ರಬ್ಬರ್ 11.2ಕ್ಕೆ ಬರಲಿಲ್ಲ, 14 ಸೆಂ.ಮೀ. ಹತ್ತಿರ ನಿಂತಿತು. 250ಕ್ಕೆ ಇಳಿಸಿದಾಗ 6ರ ಹತ್ತಿರ. ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು. ಒಂದೇ ಹಿಗ್ಗಿನಲ್ಲಿ ಹೋಗುವಾಗ ನಾವು ಕೊಟ್ಟ ಬಲಕ್ಕಿಂತ ಬರುವಾಗ ರಬ್ಬರ್ ಕೊಡುವ ಬಲ ಕಡಿಮೆ. ಇದಕ್ಕೆ ಹಿಸ್ಟೆರೆಸಿಸ್ ಎನ್ನುತ್ತಾರೆ. ವಾಪಸ್ ದಾರಿಯ ಅಡಿಯ ಜಾಗ 0.6 ಜೂಲ್. ಎರಡು ಗೆರೆಗಳ ನಡುವೆ ಸಿಕ್ಕಿಕೊಂಡ 0.11 ಜೂಲ್ ಶಾಖವಾಗಿ ರಬ್ಬರಿನಲ್ಲೇ ಉಳಿಯಿತು.

ಗೋಲಿಯನ್ನು ತಳ್ಳುವುದು ವಾಪಸ್ ಬರುವ ರಬ್ಬರ್. ಎಳೆಯುವಾಗ ನಮ್ಮ ಬೆರಳಿಗೆ ಎಷ್ಟು ಬಿಗಿ ಅನ್ನಿಸಿತು ಎನ್ನುವುದು ಗೋಲಿಗೆ ಸಂಬಂಧವೇ ಇಲ್ಲದ ಸಂಗತಿ. ಕವಣೆಯ ಲೆಕ್ಕ ಹಾಕುವವರು ಅಳೆಯಬೇಕಾದದ್ದು ಇಳಿಯುವ ಗೆರೆಯನ್ನು. ಬಹುಪಾಲು ಪ್ರಾಜೆಕ್ಟುಗಳಲ್ಲಿ ಏರುವ ಗೆರೆಯನ್ನಷ್ಟೇ ಅಳೆದು ನಿಲ್ಲಿಸಿಬಿಡುತ್ತಾರೆ.

ಹೊಸ ಬ್ಯಾಂಡಿನಲ್ಲಿ ಇನ್ನೊಂದು ತೊಡಕಿದೆ. ಮೊದಲ ಸಲ ಎಳೆದಾಗ ಅದು ಆಮೇಲಿನ ಎಳೆತಗಳಿಗಿಂತ ಬಿಗಿಯಾಗಿರುತ್ತದೆ. ಕೆಲವು ಸಲ ಪೂರ್ತಿ ಎಳೆದು ಬಿಟ್ಟ ಮೇಲೆ ಒಂದು ಹದಕ್ಕೆ ಬರುತ್ತದೆ. ಮೇಲಿನ ಅಂಕಿಗಳೆಲ್ಲ ಹೀಗೆ ಹದ ಮಾಡಿದ ಪಟ್ಟಿಯವು. ಇಲ್ಲದಿದ್ದರೆ ಮೊದಲ ಗೋಲಿ ಒಂದು ಕಡೆ, ನಾಲ್ಕನೆಯದು ಇನ್ನೊಂದು ಕಡೆ ಬಿದ್ದು ಸುಮ್ನೆ ಗೊಂದಲವಾಗುತ್ತದೆ.

ಶಕ್ತಿ ಕೂತಿರುವುದು ಎಲ್ಲಿ

ಈ ಭಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ರಬ್ಬರಿನ ನಿಜವಾದ ಸೊಗಸು ಇಲ್ಲೇ ಇರುವುದು.

ಉಕ್ಕಿನ ಸ್ಪ್ರಿಂಗನ್ನು ಎಳೆದಾಗ ಅದರ ಪರಮಾಣುಗಳ ನಡುವಿನ ಅಂತರ ತುಸು ಬದಲಾಗುತ್ತದೆ. ಪರಮಾಣುಗಳಿಗೆ ಅದು ಒಗ್ಗುವುದಿಲ್ಲ, ಹಳೆಯ ಅಂತರಕ್ಕೆ ಮರಳಲು ಎಳೆಯುತ್ತವೆ. ಶಕ್ತಿ ಆ ಬಂಧಗಳಲ್ಲಿ ಕೂತಿರುತ್ತದೆ. ರಬ್ಬರಿನಲ್ಲಿ ಹಾಗಲ್ಲ. ಸಹಜ ರಬ್ಬರ್ ಎಂದರೆ ಐಸೊಪ್ರೀನ್ ಎಂಬ ಚಿಕ್ಕ ಘಟಕ ಸಾವಿರಾರು ಸಲ ಒಂದರ ಹಿಂದೆ ಒಂದು ಸೇರಿ ಆದ ಉದ್ದದ ಸರಪಳಿಗಳು. ಅವು ಸುರುಳಿ ಸುತ್ತಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ಬಿದ್ದಿರುತ್ತವೆ. ಬಿದ್ದಿರುತ್ತವೆ ಎನ್ನುವುದೂ ಪೂರ್ತಿ ಸರಿಯಲ್ಲ, ಶಾಖದಿಂದಾಗಿ ಸದಾ ಕುಣಿಯುತ್ತಿರುತ್ತವೆ. ಎಳೆದಾಗ ಬಂಧಗಳು ಹೆಚ್ಚೇನೂ ಹಿಗ್ಗುವುದಿಲ್ಲ. ಸುರುಳಿಗಳು ಬಿಚ್ಚಿಕೊಂಡು ಎಳೆತದ ದಿಕ್ಕಿಗೆ ಸಾಲಾಗುತ್ತವೆ, ಅಷ್ಟೇ. ಅದಕ್ಕೇ ರಬ್ಬರ್ ಮೂರು ಪಟ್ಟು, ಐದು ಪಟ್ಟು ಹಿಗ್ಗಬಲ್ಲದು. ಬಂಧಗಳನ್ನೇ ಅಷ್ಟು ಎಳೆಯಬೇಕಿದ್ದರೆ ಅದು ಯಾವಾಗಲೋ ತುಂಡಾಗುತ್ತಿತ್ತು.

ಹಾಗಾದರೆ ವಾಪಸ್ ಎಳೆಯುವುದು ಯಾರು? ಮಣಿಸರವೊಂದನ್ನು ತಟ್ಟೆಯ ಮೇಲೆ ನೇರವಾಗಿ ಚಾಚಿಟ್ಟು, ತಟ್ಟೆಯನ್ನು ಜೋರಾಗಿ ಅಲುಗಾಡಿಸಿ ನೋಡಿ. ಸರ ಮುದುಡಿಕೊಂಡು ಗಿಡ್ಡವಾಗುತ್ತದೆ. ಯಾವ ಮಣಿಯೂ ಇನ್ನೊಂದನ್ನು ಸೆಳೆಯುತ್ತಿಲ್ಲ. ನೇರವಾಗಿರಲು ಒಂದೇ ದಾರಿ, ಮುದುಡಿರಲು ಲೆಕ್ಕವಿಲ್ಲದಷ್ಟು ದಾರಿ. ಅಲುಗಾಟ ಇದ್ದರೆ ಮುದುಡಿಯೇ ಮುದುಡುತ್ತದೆ. ರಬ್ಬರಿನ ಸರಪಳಿಗಳದ್ದೂ ಇದೇ ಕತೆ, ಅಲ್ಲಿ ಅಲುಗಾಟ ಕೊಡುವುದು ಶಾಖ. ಹೀಗೆ ಇರಬಹುದಾದ ದಾರಿಗಳು ಎಷ್ಟು ಎನ್ನುವುದರ ಅಳತೆಯೇ ಎಂಟ್ರೊಪಿ. ಇದನ್ನು ಎಂಟ್ರೊಪಿಯಿಂದ ಹುಟ್ಟುವ ಬಲ ಎನ್ನುತ್ತಾರೆ. ಈ ವಿವರಣೆ ಗಟ್ಟಿಯಾದದ್ದು 1930ರ ದಶಕದಲ್ಲಿ.

ಇದರಿಂದ ಹೊರಡುವ ಸಂಗತಿ ಮೊದಲ ಸಲ ಕೇಳಿದವರಿಗೆ ನಂಬಲು ಕಷ್ಟ. ರಬ್ಬರನ್ನು ಎಳೆದಾಗ ನಾವು ಹಾಕಿದ ಶಕ್ತಿಯ ಬಹುಪಾಲು ಆಗಲೇ ಶಾಖವಾಗುತ್ತದೆ. ರಬ್ಬರ್ ಬೆಚ್ಚಗಾಗುತ್ತದೆ. ಬಿಟ್ಟಾಗ ಸರಪಳಿಗಳು ಮುದುಡುತ್ತಾ ತಮ್ಮ ಕುಣಿತದ ಶಕ್ತಿಯನ್ನೇ ಗೋಲಿಗೆ ಕೊಡುತ್ತವೆ, ರಬ್ಬರ್ ತಣ್ಣಗಾಗುತ್ತದೆ. ಅಂದರೆ ಗೋಲಿಯನ್ನು ಹಾರಿಸುವುದು ಹೆಚ್ಚಾಗಿ ರಬ್ಬರಿನ ಶಾಖವೇ. ಎಳೆಯುವ ಮೂಲಕ ನಾವು ಮಾಡಿದ್ದು ಆ ಶಾಖ ಕೆಲಸ ಮಾಡಬಲ್ಲ ಸ್ಥಿತಿಯನ್ನು ಸಿದ್ಧಪಡಿಸಿದ್ದು.

ಜಾನ್ ಗಫ್ ಎಂಬ ಇಂಗ್ಲಿಷ್ ವಿದ್ವಾಂಸ 1805ರಲ್ಲೇ ಇದನ್ನು ಗಮನಿಸಿ ಬರೆದಿದ್ದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ರಬ್ಬರ್ ಪಟ್ಟಿಯನ್ನು ತುಟಿಗೆ ತಾಗಿಸಿಕೊಂಡು ಎಳೆದು, ಬೆಚ್ಚಗಾಗುವುದನ್ನು ಕಂಡುಕೊಂಡ. ಜೇಮ್ಸ್ ಜೂಲ್ 1859ರಲ್ಲಿ ಅದನ್ನು ಅಳತೆ ಮಾಡಿ ಪ್ರಕಟಿಸಿದ. ಇಬ್ಬರ ಹೆಸರಿನಲ್ಲೂ ಇದು ಗಫ್-ಜೂಲ್ ಪರಿಣಾಮ. ನೀವೂ ಅಗಲವಾದ ಬ್ಯಾಂಡೊಂದನ್ನು ಸರಕ್ಕನೆ ಎಳೆದು ಮೇಲ್ತುಟಿಗೆ ತಾಗಿಸಿ ನೋಡಬಹುದು, ಕನ್ನಡಕ ಹಾಕಿಕೊಂಡು. ಎಳೆದಂತೆಯೇ ಸ್ವಲ್ಪ ಹೊತ್ತು ಹಿಡಿದಿಟ್ಟು, ಆಮೇಲೆ ಸಡಿಲ ಮಾಡಿ ತಾಗಿಸಿದರೆ ತಣ್ಣಗಿರುತ್ತದೆ.

ನಮ್ಮ ಪಟ್ಟಿ ಎಷ್ಟು ಬೆಚ್ಚಗಾಗಿರಬಹುದು? ಒಂದು ಗ್ರಾಂ ರಬ್ಬರನ್ನು ಒಂದು ಡಿಗ್ರಿ ಏರಿಸಲು ಸುಮಾರು 1.9 ಜೂಲ್ ಬೇಕು. ಇಲ್ಲಿ ಅರ್ಧ ಗ್ರಾಂ ರಬ್ಬರಿಗೆ 0.71 ಜೂಲ್ ಹಾಕಿದೆವು. ಎಲ್ಲವೂ ಶಾಖವಾದರೆ ಮುಕ್ಕಾಲು ಡಿಗ್ರಿ. ತುಂಬಾ ಜಾಸ್ತಿ ಎಳೆದಾಗ ಸರಪಳಿಗಳು ಒತ್ತೊತ್ತಾಗಿ ಹರಳುಗಟ್ಟುತ್ತವೆ, ಆಗ ಇನ್ನಷ್ಟು ಶಾಖ ಬರುತ್ತದೆ. ತುಟಿಗೆ ಚೆನ್ನಾಗಿ ಗೊತ್ತಾಗುವುದು ಅಂಥ ಎಳೆತದಲ್ಲಿ.

ಸರಪಳಿಗಳು ಒಂದನ್ನೊಂದು ದಾಟಿ ಜಾರಿಹೋದರೆ ರಬ್ಬರ್ ಹಿಗ್ಗಿದಲ್ಲೇ ಉಳಿದುಬಿಡುತ್ತದೆ. ಹಾಗಾಗದಂತೆ ತಡೆಯುವುದು ಗಂಧಕ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಅದು ಬಿಸಿಲಿಗೆ ಅಂಟಾಗದೆ, ಚಳಿಗೆ ಸೆಡೆಯದೆ ಉಳಿಯುವುದನ್ನು ಕಂಡ. ಗಂಧಕದ ಪರಮಾಣುಗಳು ಸರಪಳಿಯಿಂದ ಸರಪಳಿಗೆ ಅಲ್ಲಲ್ಲಿ ಗಂಟು ಹಾಕುತ್ತವೆ. 1845ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಪೆರ್ರಿ ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದದ್ದು ಇಂಥ ರಬ್ಬರಿನಿಂದಲೇ. ಆ ಗಂಟುಗಳಿದ್ದರೂ ಎಳೆದು ಬಿಡುವಾಗ ಸರಪಳಿಗಳು ಒಂದಕ್ಕೊಂದು ಉಜ್ಜುತ್ತವೆ, ಕೆಲವು ಎಳೆಗಳು ತಡವಾಗಿ ಮರಳುತ್ತವೆ. ನಮ್ಮ 0.11 ಜೂಲ್ ಹೋದದ್ದು ಅದಕ್ಕೇ.

ಎಳೆದ ಪಟ್ಟಿಯನ್ನು ಐದು ನಿಮಿಷ ಹಾಗೇ ಹಿಡಿದಿಟ್ಟು ಬಿಟ್ಟಾಗ ಗೋಲಿ 2.7 ಮೀಟರಿಗೆ ಬಿತ್ತು. ಹುಡುಗಿ ಕೇಳಿದಳು: “ಸರ್, ಶಾಖ ಗಾಳಿಗೆ ಹೋಗಿಬಿಟ್ಟಿತು, ಅದಕ್ಕೇ ಕಡಿಮೆ ಆಯಿತಾ?” ಒಳ್ಳೆಯ ಪ್ರಶ್ನೆ. ಆದರೆ ಮುಕ್ಕಾಲು ಡಿಗ್ರಿ ತಣ್ಣಗಾದರೆ ಬಲ ಕಡಿಮೆಯಾಗುವುದು ಶೇಕಡಾ 0.25ರಷ್ಟು, ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ದೊಡ್ಡ ಕಾರಣ ಸರಪಳಿಗಳ ನಿಧಾನ ಜಾರುವಿಕೆ. ಹಿಡಿದಿಟ್ಟಷ್ಟೂ ರಬ್ಬರ್ ಆ ಉದ್ದಕ್ಕೆ ಒಗ್ಗಿಕೊಳ್ಳುತ್ತದೆ. ಎಳೆದು ತಕ್ಷಣ ಬಿಡುವುದೇ ಸರಿ.

ತಣ್ಣನೆಯ ಪಟ್ಟಿಯನ್ನೂ ನೋಡಿದೆವು. ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಂಜುಗಡ್ಡೆಯ ನಡುವೆ ಇಟ್ಟು ತೆಗೆದು ಹಾರಿಸಿದಾಗ ಗೋಲಿ ಇನ್ನೂ ಹತ್ತಿರ ಬಿತ್ತು. ಕುಣಿತ ಕಡಿಮೆಯಾದರೆ ಬಲವೂ ಕಡಿಮೆ. 300 ಕೆಲ್ವಿನ್‌ನಿಂದ 273ಕ್ಕೆ, ಅಂದರೆ 27 ಡಿಗ್ರಿ ಸೆಲ್ಸಿಯಸ್‌ನಿಂದ ಸೊನ್ನೆಗೆ ಇಳಿದರೆ ಬಲ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯಬೇಕು, ಜೊತೆಗೆ ಉಜ್ಜಾಟವೂ ಹೆಚ್ಚುತ್ತದೆ. ಅರ್ಧ ಗ್ರಾಂ ರಬ್ಬರ್ ಬೆರಳು ತಾಗಿದರೇ ಬಿಸಿಯಾಗುವುದರಿಂದ ಇಲ್ಲಿ ನಿಖರವಾದ ಅಂಕಿ ಸಿಗಲಿಲ್ಲ. ದಿಕ್ಕು ಮಾತ್ರ ಸ್ಪಷ್ಟವಾಗಿತ್ತು. ಸಹಜ ರಬ್ಬರನ್ನು ಸುಮಾರು ಮೈನಸ್ 70 ಡಿಗ್ರಿಗಿಂತ ಕೆಳಗೆ ತಣಿಸಿದರೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಕವಣೆಯ ಮಾತೇ ಇರುವುದಿಲ್ಲ.

ಮರದ ಗುಂಡಿನ ಕತೆ

ಈಗ ಗಾಜಿನ ಗೋಲಿಯ ಲೆಕ್ಕ ಹತ್ತಿರ ಬಂತು. 0.6 ಜೂಲ್ ಹಿಡಿದರೆ ದೂರ ಸುಮಾರು 3.1 ಮೀಟರ್, ಬಿದ್ದದ್ದು 2.9. ಉಳಿದ ಅಂತರದಲ್ಲಿ ಒಂದು ಪಾಲು ಹಲಗೆಯ ಮೇಲಿನ ಉಜ್ಜಾಟದ್ದು. ಆದರೆ 2 ಗ್ರಾಂ ಮರದ ಗುಂಡಿಗೆ ಅದೇ 0.6 ಜೂಲ್ ಹಿಡಿದರೂ ಲೆಕ್ಕ 9.9 ಮೀಟರ್ ಬರುತ್ತದೆ. ಬಿದ್ದದ್ದು 6.7. ಇಲ್ಲಿ ಇನ್ನೇನೋ ಇತ್ತು.

ರಬ್ಬರ್ ಗುಂಡನ್ನೊಂದೇ ತಳ್ಳುವುದಿಲ್ಲ. ತೊಗಲಿನ ತುಂಡನ್ನು ಹೊತ್ತು ಓಡಬೇಕು, ತಾನೂ ಓಡಬೇಕು. ತೊಗಲು ಒಂದು ಗ್ರಾಂ. ರಬ್ಬರಿನ ಮೊಳೆಯ ಕಡೆಯ ತುದಿ ಅಲ್ಲಾಡುವುದಿಲ್ಲ, ತೊಗಲಿನ ಕಡೆಯ ಭಾಗ ಪೂರ್ತಿ ವೇಗದಲ್ಲಿ ಓಡುತ್ತದೆ. ಲೆಕ್ಕ ಮಾಡಿದರೆ ರಬ್ಬರಿನ ತೂಕದ ಮೂರನೇ ಒಂದು ಪಾಲು ಗುಂಡಿನ ಜೊತೆ ಓಡಿದಂತಾಗುತ್ತದೆ, 0.17 ಗ್ರಾಂ. ಒಟ್ಟು 1.17 ಗ್ರಾಂ. 20 ಗ್ರಾಂ ಗೋಲಿಯ ಪಕ್ಕದಲ್ಲಿ ಇದು ಏನೂ ಅಲ್ಲ. 2 ಗ್ರಾಂ ಗುಂಡಿನ ಪಕ್ಕದಲ್ಲಿ ಇದು ಅರ್ಧಕ್ಕಿಂತ ಜಾಸ್ತಿ. ಗುಂಡಿಗೆ ಸುಮಾರು 0.35 ಜೂಲ್ ಸಿಕ್ಕರೆ 0.2 ಜೂಲ್ ತೊಗಲು ಮತ್ತು ರಬ್ಬರಿನ ಪಾಲಾಗುತ್ತದೆ. ಗುಂಡು ಬಿಟ್ಟು ಹೋದ ಮೇಲೆ ಅವು ಮೊಳೆಗಳ ಆಚೆಗೆ ಹಾರಿ, ಹೊಡೆದುಕೊಂಡು ನಿಲ್ಲುತ್ತವೆ. ಕವಣೆ ಬಿಟ್ಟಾಗ ಕೇಳುವ ಚಟ್ ಎಂಬ ಸದ್ದು ಈ ಶಕ್ತಿಯದ್ದೇ.

ಹುಡುಗಿ ಹೇಳಿದ್ದ ಗಾಳಿಯ ತಡೆಗೂ ಇಲ್ಲಿ ಪಾಲಿದೆ. ಸೆಕೆಂಡಿಗೆ 19 ಮೀಟರ್ ವೇಗದಲ್ಲಿ ಹೊರಟ ಹಗುರ ಗುಂಡಿನ ಮೇಲೆ ಗಾಳಿ ಒತ್ತುವ ಬಲ ಗುಂಡಿನ ತೂಕಕ್ಕಿಂತಲೂ ಜಾಸ್ತಿ. ಅಂದಾಜು ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ಅದರಿಂದಲೇ ಕಳೆದುಹೋಗುತ್ತದೆ. ಅವಳ ಊಹೆ ಗೋಲಿಗೆ ಹೊಂದಲಿಲ್ಲ, ಗುಂಡಿಗೆ ಹೊಂದಿತು.

ಪರೀಕ್ಷೆ ಸುಲಭ. ತೊಗಲು ತೆಗೆದು 0.2 ಗ್ರಾಂ ತೂಕದ ದಾರದ ಕುಣಿಕೆ ಕಟ್ಟಿದೆವು. ಬೇರೆ ಏನನ್ನೂ ಬದಲಿಸಲಿಲ್ಲ. ಮರದ ಗುಂಡು 6.7ರಿಂದ 7.6 ಮೀಟರಿಗೆ ಹೋಯಿತು. ಗಾಜಿನ ಗೋಲಿ ಆರೇಳು ಸೆಂ.ಮೀ. ಅಷ್ಟೇ ಮುಂದೆ ಬಿತ್ತು. ಶಕ್ತಿ ಸೋರುತ್ತಿದ್ದ ಜಾಗ ಬೇರೆಲ್ಲೋ ಇದ್ದಿದ್ದರೆ ಈ ಬದಲಾವಣೆ ಎರಡಕ್ಕೂ ಒಂದೇ ಪಾಲಿನಲ್ಲಿ ಆಗಬೇಕಿತ್ತು. ನನಗೆ ಈ ಒಂದು ಫಲಿತಾಂಶ ಉಳಿದ ಎಲ್ಲ ಅಂಕಿಗಳಿಗಿಂತ ಹೆಚ್ಚು ಸಂತೋಷ ಕೊಟ್ಟಿತು.

ಹಾಗಾಗಿ ‘ಹಗುರವಾದದ್ದನ್ನು ಇಟ್ಟರೆ ಜೋರಾಗಿ ಹೋಗುತ್ತದೆ’ ಎನ್ನುವುದು ಒಂದು ಮಿತಿಯವರೆಗೆ ಮಾತ್ರ ನಿಜ. ಭಾರವಾದ ಗೋಲಿ ರಬ್ಬರಿನ ಶಕ್ತಿಯಲ್ಲಿ ಹೆಚ್ಚು ಪಾಲನ್ನು ಪಡೆಯುತ್ತದೆ, ಆದರೆ ನಿಧಾನ. ಹಗುರವಾದದ್ದು ಕಡಿಮೆ ಪಾಲು ಪಡೆದು ವೇಗವಾಗಿ ಹೋಗುತ್ತದೆ. ಇನ್ನೂ ಹಗುರ ಮಾಡುತ್ತಾ ಹೋದರೆ ವೇಗ ಏರುವುದು ನಿಂತೇ ಹೋಗುತ್ತದೆ, ಯಾಕೆಂದರೆ ರಬ್ಬರ್ ತನ್ನನ್ನೇ ಎಷ್ಟು ವೇಗವಾಗಿ ಎಳೆದುಕೊಳ್ಳಬಲ್ಲದೋ ಅದಕ್ಕಿಂತ ವೇಗವಾಗಿ ಯಾವುದನ್ನೂ ತಳ್ಳಲಾರದು. ಖಾಲಿ ಕವಣೆಯನ್ನು ಎಳೆದು ಬಿಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಆಗ ಅಷ್ಟೂ ಶಕ್ತಿ ರಬ್ಬರ್, ಕಟ್ಟು, ಮೊಳೆಗಳ ಮೇಲೆ ಬೀಳುತ್ತದೆ.

ರಬ್ಬರ್ ಇಷ್ಟೆಲ್ಲ ಸೋರಿಸುತ್ತದಾದರೆ ಉಕ್ಕಿನ ಸ್ಪ್ರಿಂಗೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ನಮ್ಮ ಪಟ್ಟಿ ಗ್ರಾಂಗೆ 1.4 ಜೂಲ್ ಹಿಡಿದಿಟ್ಟಿತ್ತು, ಅದೂ ಅರ್ಧಂಬರ್ಧ ಎಳೆತದಲ್ಲಿ. ಅದೇ ತೂಕದ ಉಕ್ಕಿನ ಸ್ಪ್ರಿಂಗ್ ಹಿಡಿಯುವುದು ಇದಕ್ಕಿಂತ ಎಷ್ಟೋ ಕಡಿಮೆ. ತೂಕವೇ ಮುಖ್ಯವಾದ ಕಡೆ ರಬ್ಬರ್ ಗೆಲ್ಲುತ್ತದೆ. ಫ್ರಾನ್ಸಿನ ಆಲ್ಫಾನ್ಸ್ ಪೆನೊ 1871ರಲ್ಲಿ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಹಾರಿಸಿದ ಪುಟ್ಟ ವಿಮಾನ ಸುತ್ತಿದ ರಬ್ಬರಿನ ಬಲದಿಂದಲೇ ಸುಮಾರು 40 ಮೀಟರ್ ಹೋಯಿತು. ಎಳೆಯುವ ಬದಲು ತಿರುಚಿದ್ದರಿಂದ ಶಕ್ತಿ ಒಂದೇ ಏಟಿಗೆ ಹೊರಬರದೆ ಸೆಕೆಂಡುಗಟ್ಟಲೆ ಬಂತು.

ಕೊನೆಯ ಗೋಲಿ

ಲೆಕ್ಕ ಸರಿಯೋ ಇಲ್ಲವೋ ನೋಡಲು ಹುಡುಗಿ ಹೊಸ ಗೋಲಿಯೊಂದನ್ನು ಆರಿಸಿಕೊಂಡಳು. 18 ಮಿ.ಮೀ. ದಪ್ಪದ ಗಾಜಿನದು, ಸುಮಾರು 8 ಗ್ರಾಂ. ಗಾತ್ರ ಮರದ ಗುಂಡಿನಷ್ಟೇ, ತೂಕ ನಾಲ್ಕು ಪಟ್ಟು. ಹಾರಿಸುವ ಮೊದಲೇ ಬರೆದಿಟ್ಟಳು: ಮರಳುವ ಶಕ್ತಿ 0.6 ಜೂಲ್, ಓಡುವ ಒಟ್ಟು ತೂಕ ದಾರ ಮತ್ತು ರಬ್ಬರ್ ಸೇರಿ 8.37 ಗ್ರಾಂ, ವೇಗ ಸೆಕೆಂಡಿಗೆ 12 ಮೀಟರ್, ದೂರ 4.8. ಹಲಗೆಯ ಮೇಲಿನ ಉಜ್ಜಾಟಕ್ಕೆ ದೊಡ್ಡ ಗೋಲಿಯಲ್ಲಿ ಕಂಡಷ್ಟೇ ಪಾಲು ಕಳೆದರೆ 4.6.

ಗುರುತು ಬಿದ್ದದ್ದು 4.5 ಮೀಟರಿನಲ್ಲಿ. ಉಳಿದ 10 ಸೆಂ.ಮೀ.ಗೆ ಅವಳು ‘ಗಾಳಿಯ ತಡೆಯಿಂದ’ ಎಂದು ಬರೆದಳು. ಈ ಸಲ ಪಕ್ಕದಲ್ಲಿ ಅದರ ಲೆಕ್ಕವನ್ನೂ ಹಾಕಿದ್ದಳು, ಅದೂ 10 ಸೆಂ.ಮೀ. ಹತ್ತಿರವೇ ಬಂದಿತ್ತು.